ಅಪ್ಪನ ಎಡಗಡೆಯ ಸೋಫಾ

ನಮ್ಮ ಹಾಲ್‌ನಲ್ಲಿ ಕೂತು ಮಾತಾಡಬೇಕೆಂದರೆ ಕೂಗಬೇಕಿತ್ತು. ಉದ್ದನೆಯ ಕೋಣೆ, ಗೋಡೆಗಳಿಗೆ ಬೆನ್ನು ಒತ್ತಿಕೊಂಡು ನಿಂತ ಸೋಫಾಗಳು, ನಡುವೆ ಬರೀ ನೆಲ. ಈ ತುದಿಯಲ್ಲಿ ಕೂತವರು ಆ ತುದಿಯವರಿಗೆ ಕಾಫಿ ಲೋಟ ಕೊಡಬೇಕಾದರೆ ಎದ್ದು ನಡೆದು ಹೋಗಬೇಕು. ಎದುರುಬದುರು ಕೂತವರ ಮೊಣಕಾಲುಗಳ ನಡುವೆ ಒಂದು ಟೀಪಾಯ್ ಹಿಡಿಸುವಷ್ಟೇ ಜಾಗ ಬಿಡುವ ಮನೆಗಳೂ ಇವೆ ಎಂದು ನನಗೆ ಗೊತ್ತಾದದ್ದು ಕೊಯಮತ್ತೂರಿಗೆ ಓದಲು ಹೋದ ಮೇಲೆ. ಅಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಎಲ್ಲರೂ ಅಷ್ಟು ಹತ್ತಿರ ಕೂತು ಅಷ್ಟು ಮೆಲ್ಲಗೆ ಮಾತಾಡುವುದನ್ನು ಕಂಡು, ಒಳಗೆ ಯಾರಿಗೋ ಮೈಗೆ ಸರಿಯಿಲ್ಲ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ. ಈ ಪ್ರಸಂಗವನ್ನು ಎಷ್ಟೋ ಸಲ ತಮಾಷೆಗೆ ಹೇಳಿದ್ದೇನೆ. ಅದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿಕೊಂಡದ್ದೆಷ್ಟು ಅನ್ನುವುದು ನನಗೇ ತಿಳಿಯದು.

ಹಾಗೆ ದೂರ ಕೂರಲು ಕಾರಣವಿತ್ತು. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮಾತಾಡುವ ನೇಕಾರರ ನಮ್ಮ ಬೀದಿಯಲ್ಲಿ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ವಿದ್ಯುತ್ ಮಗ್ಗದಿಂದ ಇಳಿದ ಬಟ್ಟೆ ಹಾಲ್‌ಗೆ ಬಂದು ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಎಳೆ ತಪ್ಪಿದ ಕಡೆ ಗುರುತು ಹಾಕಿ, ಮಡಿಸಿ, ಕಟ್ಟು ಕಟ್ಟಿ ಕಳಿಸುವ ತನಕ ನಡುನೆಲ ಬಟ್ಟೆಯದು, ಮನುಷ್ಯರು ಗೋಡೆಗೆ ಒರಗಿಕೊಳ್ಳಬೇಕು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಸೋಫಾ ಸೆಟ್ ತಂದಾಗ ಅದನ್ನೂ ಗೋಡೆಗೇ ಒರಗಿಸಿದರು. ಮುಂದೆ ಮಗ್ಗಗಳು ಹಳೇ ಕಬ್ಬಿಣಕ್ಕೆ ಹೋದವು, ಹರಡಲು ಬಟ್ಟೆಯೇ ಇಲ್ಲವಾಯಿತು. ಆದರೂ ನಡುನೆಲಕ್ಕೆ ಯಾರೂ ಏನನ್ನೂ ತರಲಿಲ್ಲ. ಗೋಡೆಯ ಬುಡದ ಸಾಮಾನು ಕದಲುತ್ತಿದ್ದದ್ದು ಸುಣ್ಣ ಬಳಿಯುವಾಗ, ಇಲ್ಲವೇ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಅಜ್ಜಿಯನ್ನು ಮಲಗಿಸಿದ್ದು ಆ ನಡುನೆಲದಲ್ಲೇ.

ಅಪ್ಪನದು ಒಂಟಿ ಸೋಫಾ. ಅದರಲ್ಲಿ ಕೂತರೆ ಅಡುಗೆಮನೆಯ ಬಾಗಿಲು ಬಲಕ್ಕೆ, ಕೊಂಚ ಮುಂದಕ್ಕೆ ಕಾಣುತ್ತಿತ್ತು. ಅವ್ವ ಆ ಬಾಗಿಲ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಸೋಫಾ ಮನೆಗೆ ಬಂದು ಅದರ ಹೊದಿಕೆ ಹರಿದು, ಹೊಸ ಹೊದಿಕೆ ಹೊಲಿಸಿದ ಮೇಲೂ ಅವಳು ಅದರ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ. ಯಾರೂ ಕೂರಬೇಡ ಅಂದಿರಲಿಲ್ಲ. ಕೂರು ಅಂದವರೂ ಇರಲಿಲ್ಲ.

ಅವರಿಬ್ಬರ ಮಾತಿಗೆ ದನಿ ಇರುತ್ತಿರಲಿಲ್ಲ. ಮಗ್ಗ ಓಡುವಾಗ ಶೆಡ್ಡಿನಲ್ಲಿ ಕೂಗಿದರೂ ಕೇಳಿಸದು, ಆದ್ದರಿಂದ ಅಲ್ಲಿ ಕೆಲಸ ಮಾಡಿದವರೆಲ್ಲ ತುಟಿ ನೋಡಿ ಮಾತು ತಿಳಿಯುತ್ತಾರೆ. ಅಪ್ಪ ಒಂದು ಸಾಲಿನಲ್ಲಿ, ಅವ್ವ ಅದರಾಚೆಯ ಸಾಲಿನಲ್ಲಿ ನಿಂತು, ಓಡುವ ಮಗ್ಗಗಳ ಮೇಲಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಸಂಸಾರ ಮಾಡಿದವರು. ಅಕ್ಕನ ಮದುವೆ ನಿಶ್ಚಯಿಸಿದ್ದು, ನನ್ನನ್ನು ಎಲ್ಲಿ ಓದಿಸುವುದೆಂದು ಜಗಳವಾಡಿದ್ದು, ಎಲ್ಲವೂ ಹಾಗೆಯೇ. ಅಪ್ಪನ ಕಿವಿ ಪೂರ್ತಿ ಹೋದ ಮೇಲೆ ಅವ್ವ ಮನೆಯೊಳಗೂ ಅವನ ಜೊತೆ ದನಿ ಎತ್ತುವುದನ್ನು ಬಿಟ್ಟಳು. ಸೂಲೂರಿನ ವಾಯುಪಡೆ ನೆಲೆಯಿಂದ ಎದ್ದ ವಿಮಾನ ತಲೆಯ ಮೇಲೆ ಹೋಗುವಾಗ ನಮ್ಮೆಲ್ಲರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವರಿಬ್ಬರದು ನಿಲ್ಲುತ್ತಿರಲಿಲ್ಲ. ಬಾಗಿಲ ಪಕ್ಕದಿಂದ ಸೋಫಾಕ್ಕೆ, ಸೋಫಾದಿಂದ ಬಾಗಿಲ ಪಕ್ಕಕ್ಕೆ ಸದ್ದಿಲ್ಲದೆ ಹರಿಯುತ್ತಲೇ ಇರುತ್ತಿತ್ತು.

ಅಪ್ಪನಿಗೆ ಸ್ಟ್ರೋಕ್ ಆದದ್ದು ಬೆಳಗಿನ ಹೊತ್ತು, ಹಲ್ಲುಜ್ಜುವಾಗ. ಅಲ್ಲ, ಕಾಫಿ ಕುಡಿಯುವಾಗ ಎನ್ನುತ್ತಾಳೆ ಅಕ್ಕ. ನಾನು ಅಲ್ಲಿರಲೇ ಇಲ್ಲ. ಕೊಯಮತ್ತೂರಿನಲ್ಲಿ, ನಾನು ಪಾಠ ಮಾಡುವ ಕಾಲೇಜಿಗೆ ಹೊರಡುತ್ತಿದ್ದೆ. ಆದರೂ ಅವನ ಎಡಗೈಯಿಂದ ಲೋಟ ಜಾರುವ ಚಿತ್ರವೊಂದು ನನ್ನ ಕಣ್ಣಿನಲ್ಲಿ ಸ್ಪಷ್ಟವಾಗಿದೆ, ಕಾಫಿಯ ಕಲೆ ಸಮೇತ. ಅಪ್ಪ ಲೋಟ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಎಡಗೈ ಎಡಗಾಲಿನ ಜೊತೆ ಇನ್ನೊಂದು ವಿಷಯ ಹೇಳಿದರು. ಅವರ ಕಣ್ಣಿಗೆ ಏನೂ ಆಗಿಲ್ಲ, ಆದರೆ ಎಡಗಡೆ ಅನ್ನುವುದೊಂದು ಇದೆ ಎಂದೇ ಈಗ ಅವರಿಗೆ ತೋಚುವುದಿಲ್ಲ. ಅಲ್ಲಿ ಇಟ್ಟ ವಸ್ತು, ಅಲ್ಲಿ ನಿಂತ ಮನುಷ್ಯ ಅವರ ಪಾಲಿಗೆ ಇಲ್ಲ. ಇಲ್ಲ ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ. ನಾನು ತಲೆಯಾಡಿಸಿದೆ. ಓದಿದವನು, ಅರ್ಥವಾಯಿತು ಅಂದುಕೊಂಡೆ. ಅರ್ಥವಾದದ್ದು ಅಪ್ಪ ಊಟಕ್ಕೆ ಕೂತಾಗ. ತಟ್ಟೆಯ ಬಲ ಅರ್ಧದ ಅನ್ನವನ್ನು ಗೆರೆ ಎಳೆದಂತೆ ತಿಂದು ಮುಗಿಸಿ, "ಇಷ್ಟೇನಾ?" ಅಂದ. ತಟ್ಟೆಯನ್ನು ತಿರುಗಿಸಿದೆವು. ಮತ್ತೆ ಬಡಿಸಿದೆವೆಂದು ತಿಳಿದು ತಿಂದ.

ಅವನನ್ನು ಒಳಕೋಣೆಯಲ್ಲಿ ಮಲಗಿಸಿ ಬಿಡಬಾರದು, ಹಗಲೆಲ್ಲ ಹಾಲ್‌ನಲ್ಲಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಮಾಡಿಸಲು ಸ್ಕೂಟರಿನಲ್ಲಿ ಬರುತ್ತಿದ್ದ ಫಿಸಿಯೋ ಹುಡುಗಿ ಹಾಲ್ ನೋಡಿ, ಎಲ್ಲಿ ಏನಿರಬೇಕು ಎಂದು ತಮಿಳಿನಲ್ಲಿ ಹೇಳಿಕೊಟ್ಟಳು. ಅಪ್ಪನ ಒಂಟಿ ಸೋಫಾ ಅಲ್ಲೇ ಇರಲಿ, ಬಲಗಡೆ ನಡೆಯುವ ದಾರಿ, ಅಲ್ಲಿ ಏನೂ ಬೇಡ, ವಾಕರ್ ತಿರುಗುವಷ್ಟು ಅಗಲ ಬಿಡಿ. ಎಡಗಡೆಯ ಉದ್ದ ಸೋಫಾವನ್ನು ಮಾತ್ರ ಹತ್ತಿರಕ್ಕೆ ತನ್ನಿ. ಅದಕ್ಕೂ ಅಪ್ಪನ ಸೋಫಾಕ್ಕೂ ನಡುವೆ ಮೊದಲು ಒಂದು ಬಟ್ಟೆಕಟ್ಟು ಇಡುವಷ್ಟು ಸಂದಿ ಇತ್ತು. ಆ ಸಂದಿಯನ್ನು ಮುಚ್ಚಿದೆವು. ಎರಡರ ಕೈಗಳೂ ಒಂದಕ್ಕೊಂದು ತಗುಲಿ ನಿಂತವು.

"ಅಮ್ಮಾ ಇಲ್ಲಿ ಕೂರಬೇಕು," ಅಂದಳು ಹುಡುಗಿ, ಉದ್ದ ಸೋಫಾದ ತುದಿ ತಟ್ಟಿ. "ಎಡಗಡೆಯಿಂದಲೇ ಕರೆಯಬೇಕು, ಎಡಗೈಯನ್ನೇ ಮುಟ್ಟಬೇಕು. ಬಲಗಡೆಗೆ ಹೋದರೆ ಸುಲಭ. ಆದರೆ ಆಗ ಅಪ್ಪಾ ಈ ಕಡೆ ತಿರುಗುವುದನ್ನೇ ಬಿಟ್ಟುಬಿಡ್ತಾರೆ."

"ತಿರುಗ್ತಾರಾ?" ಎಂದು ನಾನು ಕೇಳಿದೆ.

"ಕೆಲವರು ತಿರುಗ್ತಾರೆ, ಸಾರ್."

ಅವ್ವ ಸೋಫಾವನ್ನು ನೋಡಿದಳು. ಸೆರಗಿನಿಂದ ಅದನ್ನು ಒಮ್ಮೆ ಒರೆಸಿದಳು, ಧೂಳಿರಲಿಲ್ಲ. ಆಮೇಲೆ ತುದಿಯಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರಿಗೂ ಜಾಗ ಬಿಟ್ಟವಳಂತೆ ಕೂತಳು.

"ಎಡಗಡೆ ತಾನೆ ಹೆಂಡ್ತಿ ಜಾಗ," ಅಂದಳು ನನಗೆ ಮಾತ್ರ ಕೇಳುವ ಹಾಗೆ. "ಡಾಕ್ಟರ ಬುಕ್ಕಲ್ಲೂ ಹಂಗೇ ಬರೆದವ್ರೆ ನೋಡು."

ಅವಳ ಮುಖದಲ್ಲಿ ನಾಚಿಕೆ ಇತ್ತು. ಇತ್ತೆಂದು ನನಗೆ ಖಾತ್ರಿ. ನನಗೆ ಖಾತ್ರಿ ಇರುವ ಸಂಗತಿಗಳು ಕಡಿಮೆ, ಇದು ಅವುಗಳಲ್ಲಿ ಒಂದು.

ಅಂದಿನಿಂದ ಅಪ್ಪನ ಪಕ್ಕದಲ್ಲೇ ಅವಳ ಹಗಲು. ಜಾರುವ ಎಡಗೈಯನ್ನು ಎತ್ತಿ ತನ್ನ ಕೈಯೊಳಗೆ ಇಟ್ಟುಕೊಳ್ಳುವುದು, ಬಾಯಿಯ ಎಡತುದಿಯಲ್ಲಿ ಇಳಿಯುವ ಜೊಲ್ಲು ಒರೆಸುವುದು, ಆಗಾಗ ಭುಜ ತಟ್ಟಿ ಕರೆಯುವುದು. ಕೈಗೆ ಸ್ಪರ್ಶ ಗೊತ್ತಿಲ್ಲ, ಕಿವಿಗೆ ಮಾತು ಗೊತ್ತಿಲ್ಲ. ಅವಳ ತುಟಿಗಳು ಅವನು ನೋಡದ ಕಡೆ ಆಡುತ್ತಿದ್ದವು. ಹುಡುಗಿ ಹೇಳಿದ್ದಾಳೆಂದು ದನಿ ತೆಗೆದೂ ಕರೆಯುತ್ತಿದ್ದಳು. ಗಂಡನ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲದ ಅವಳ ಕರೆ ಸಣ್ಣ ಕೆಮ್ಮಿನ ಹಾಗೆ ಹೊರಡುತ್ತಿತ್ತು.

ಅಪ್ಪ ಅವಳನ್ನು ಕಾಣುತ್ತಲೇ ಇರಲಿಲ್ಲ ಎಂದಲ್ಲ. ಅವಳು ಅಡುಗೆಮನೆಯಿಂದ ಹೊರಬಂದಾಗ ಅವನ ಕಣ್ಣು ಹಿಡಿಯುತ್ತಿತ್ತು. ಅವನ ಮುಂದೆ ಹಾದು ಬರುವ ಅರ್ಧ ದಾರಿಯವರೆಗೂ ಹಿಂಬಾಲಿಸುತ್ತಿತ್ತು. ಆಮೇಲೆ ಅವಳು ಎಡಕ್ಕೆ ಬಂದು ಸೋಫಾ ಸೇರುವಷ್ಟರಲ್ಲಿ ಇಲ್ಲವಾಗುತ್ತಿದ್ದಳು. ಅವನ ಲೆಕ್ಕಕ್ಕೆ ಅವಳು ಬಂದಳು, ಹೋದಳು.

ಒಂದು ಶನಿವಾರ ನಾನು ಅವನ ಬಲಕ್ಕೆ, ದಾರಿಯ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲ ಪಕ್ಕದ ನೆಲ ಖಾಲಿ.

"ನಿಮ್ಮವ್ವಗೆ ಏನಾಗದೆ?" ಅಂದ.

"ಏನಿಲ್ಲಪ್ಪ," ಎಂದು ತುಟಿ ಬಿಡಿಸಿ ಹೇಳಿದೆ.

"ಕೂರಲ್ಲ ಅವ್ಳು. ಬತ್ತಾಳೆ, ಹೋಗ್ತಾಳೆ. ಮೊದ್ಲೆಲ್ಲ ಅಲ್ಲಿ ಕೂತು ಏನಾರ ಹೇಳ್ತಾ ಇದ್ಲು. ಈಗ ಒಂದು ಮಾತಿಲ್ಲ."

ನಾನು ಅವನ ಆಚೆಗೆ ನೋಡಿದೆ. ಅವ್ವ ಅವನ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದಳು. ಅವನ ಮಾತು ಅವಳಿಗೆ ಕೇಳಿಸಿತ್ತು. ಹಿಡಿದ ಕೈಯನ್ನು ಒಮ್ಮೆ ಅಲುಗಾಡಿಸಿದಳು, ಬಾಗಿಲು ತಟ್ಟುವವರ ಹಾಗೆ. ಅಪ್ಪ ತಿರುಗಲಿಲ್ಲ.

"ಇಲ್ಲೇ ಅವ್ಳೆ ಅಪ್ಪ, ನಿನ್ನ ಪಕ್ಕದಲ್ಲೇ," ಅಂದೆ. ಅವನ ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಲು ನೋಡಿದೆ. ಮುಖ ನನ್ನ ಕೈಯ ಜೊತೆ ತಿರುಗಿತು, ಕಣ್ಣು ಬಲಕ್ಕೇ ನಿಂತಿತು. ಅಪ್ಪ ನನ್ನ ಕೈ ತಳ್ಳಿದ. ನಾನು ಅವನ ಜೊತೆ ಹುಡುಗಾಟ ಮಾಡುತ್ತಿದ್ದೇನೆ ಅನ್ನುವ ಸಿಟ್ಟು ಅವನ ಹಣೆಯ ಮೇಲಿತ್ತು.

ಅಕ್ಕ ತಿರುಪ್ಪೂರಿನಲ್ಲಿದ್ದಾಳೆ. ಬನಿಯನ್ ಕಂಪನಿಯೊಂದರಲ್ಲಿ ಹೊಲಿದ ಮಾಲು ಪರೀಕ್ಷೆ ಮಾಡುವ ವಿಭಾಗದ ಮೇಲ್ವಿಚಾರಕಿ. ತಪ್ಪು ಕಂಡರೆ ಕೈ ಕಟ್ಟಿ ಕೂರುವುದು ಅವಳಿಗೆ ಆಗದು. ಮರುದಿನ ಭಾನುವಾರ ಬಂದವಳು ನನ್ನಿಂದ ಇದನ್ನು ಕೇಳಿ, ಬ್ಯಾಗು ಇಡುವ ಮೊದಲೇ ಹಾಲ್ ಅನ್ನು ಒಂದು ಸುತ್ತು ನೋಡಿದಳು.

"ಈ ಹಾಲಲ್ಲಿ ಕಿವಿ ಚೆನ್ನಾಗಿರೋರಿಗೇ ಮಾತು ಕೇಳ್ಸಲ್ಲ," ಅಂದಳು. "ಆ ಕೊನೇಲಿರೋ ಸೋಫಾನ ಅಪ್ಪನ ಎದುರಿಗೆ ಎಳಿ. ಅವ್ವ ಅದ್ರಲ್ಲಿ ಕೂರ್ಲಿ."

"ಫಿಸಿಯೋ ಎಡಗಡೆ ಅಂದವ್ಳೆ ಅಕ್ಕ."

"ಎದುರು ಅಂದ್ರೆ ಬಲ ಅಲ್ವಲ್ಲ. ನಡುವೆ ತಾನೆ?"

ಎಷ್ಟು ದೂರದಲ್ಲಿ ಇಡಬೇಕು ಎಂದು ನಾನು ಲೆಕ್ಕ ಹಾಕತೊಡಗಿದೆ. ತೀರಾ ಹತ್ತಿರವಾದರೆ ಅಪ್ಪನನ್ನು ಎಬ್ಬಿಸಿ ನಿಲ್ಲಿಸಲು ಆಗದು, ಮುಂದೆ ನಿಂತು ಎತ್ತುವವನಿಗೆ ಕಾಲಿಡಲು ಜಾಗ ಬೇಕು. ದೂರವಾದರೆ ತುಟಿ ಕಾಣದು. ಇಬ್ಬರೂ ಕೊಂಚ ಮುಂದೆ ಬಗ್ಗಿದರೆ ಒಬ್ಬರ ಕೈಯ ಲೋಟ ಇನ್ನೊಬ್ಬರ ಕೈಗೆ ಸಿಗುವಂತಿರಬೇಕು ಎಂದು ಹೇಳಿ, ಖಾಲಿ ಲೋಟ ಹಿಡಿದು ಹಿಂದೆ ಮುಂದೆ ಬಗ್ಗಿ ನೋಡುತ್ತಿದ್ದೆ.

"ಲೇ ತಂಬಿ," ಅಂದಳು ಅಕ್ಕ, "ನಿನ್ನ ಯೂನಿವರ್ಸಿಟೀಲಿ ಸೋಫಾ ಎಳೆಯೋಕೆ ಮುಂಚೆ ಕುಣೀಬೇಕು ಅಂತ ಹೇಳ್ಕೊಟ್ಟವ್ರಾ? ಹಿಡಿ ಆ ಕಡೆ."

ಸೋಫಾದ ಕಾಲುಗಳು ನೆಲದ ಮೇಲೆ ಕಿರುಚಿದವು. ಅಜ್ಜಿ ತೀರಿಕೊಂಡ ಮೇಲೆ ಅದು ಆ ಗೋಡೆ ಬಿಟ್ಟು ಕದಲಿರಲಿಲ್ಲ. ಹಿಂದೆ ಗೋಡೆಯ ಮೇಲೆ ಅದರದೇ ಆಕಾರದ ಕೊಳೆ. ನಡುನೆಲಕ್ಕೆ ಎಳೆದು ತಂದು ಉಸಿರು ಬಿಡುವಷ್ಟರಲ್ಲಿ ಎದುರುಮನೆಯ ಅತ್ತೆ ಆ ಸದ್ದು ಕೇಳಿ ಬೀದಿ ಬಾಗಿಲಲ್ಲಿ ಬಂದು ನಿಂತಿದ್ದಳು. ತಲೆಗೂದಲು ಬಿಚ್ಚಿದೆ, ಕಾಲಲ್ಲಿ ಚಪ್ಪಲಿ ಇಲ್ಲ, ಕಣ್ಣು ಆಗಲೇ ತುಂಬಿದೆ.

"ಅಯ್ಯಯ್ಯೋ, ಯಾವಾಗ್ ಆಯ್ತು?"

ಅಪ್ಪ ಬಲಗಡೆಗಿದ್ದ ಬಾಗಿಲನ್ನು ನೋಡಿ, "ಏನಂತೆ?" ಅಂದ.

ಅತ್ತೆಯ ಬಾಯಿ ತೆರೆದೇ ಇತ್ತು. ಅವಳೂ ಮಗ್ಗದ ಹೆಂಗಸೇ. ಅಪ್ಪ ತನ್ನ ತುಟಿಯನ್ನೇ ನೋಡುತ್ತಿದ್ದಾನೆಂದು ತಿಳಿದು ತಟಕ್ಕನೆ, "ಕಾಪಿಪುಡಿ ಇದ್ಯಾ ಅಂತ ಕೇಳೋಕ್ ಬಂದೆ," ಅಂದಳು.

"ಅದ್ಕೆ ಅಳ್ಬೇಕಾ?" ಅಂದ ಅಪ್ಪ.

ಅಕ್ಕ ನಕ್ಕುಬಿಟ್ಟಳು. ನಾನೂ ನಕ್ಕೆ. ಅವ್ವ ನಗಲಿಲ್ಲ. ಎದ್ದು ಒಳಗೆ ಹೋಗಿ ಕಾಫಿಪುಡಿಯನ್ನು ನಿಜವಾಗಿಯೂ ಕಾಗದದಲ್ಲಿ ಕಟ್ಟಿ ತಂದು ಅತ್ತೆಯ ಕೈಯಲ್ಲಿಟ್ಟಳು.

ಎದುರಿಗೆ ಎಳೆದ ಸೋಫಾದಲ್ಲಿ ಅವ್ವ ಕೂರಲಿಲ್ಲ. "ಬಂದೋರು ಕೂರೋ ಜಾಗ ಅದು," ಅಂದಳು. "ಗಂಡನ ಎದುರಿಗೆ ಕಾಲು ನೀಡ್ಕೊಂಡು, ಪಂಚಾಯ್ತಿಗೆ ಬಂದೋಳ ಹಂಗೆ ಕೂರ್ಲಾ ನಾನು?"

"ಶೆಡ್ಡಲ್ಲಿ ಎದುರಿಗೇ ನಿಂತಿದ್ಯಲ್ಲವ್ವ, ಅಷ್ಟು ವರ್ಷ?"

"ತರಿ ಮುಂದೆ ನಿಲ್ಲೋದು ಬೇರೆ." ತರಿ ಅಂದರೆ ಮಗ್ಗ. ಆ ಮಾತು ಬಂದರೆ ಅವಳ ವಾದ ಮುಗಿಯಿತು ಎಂದು ಅರ್ಥ.

ಆದರೆ ನಿಜವಾದ ಕಾರಣ ಅದಲ್ಲ ಎಂದು ನನಗೆ ಅನ್ನಿಸಿತು. ಅಕ್ಕ ಆ ಸೋಫಾದಲ್ಲಿ ಕೂತು ಕಂಪನಿಯ ಸುದ್ದಿ ಹೇಳತೊಡಗಿದಾಗ ಅಪ್ಪನ ಮುಖಕ್ಕೆ ಕಳೆ ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಷ್ಟು ಮಾತಾಡಿದ್ದೇ ಇಲ್ಲ. ಅವ್ವ ಎಡಗಡೆಯಿಂದ ಅವನ ಕೆನ್ನೆಯನ್ನು ನೋಡುತ್ತಿದ್ದಳು. ಎದುರಿಗೆ ಹೋಗಿ ಕೂತರೆ ಅವಳಿಗೂ ಆ ಮುಖ ಸಿಗುತ್ತಿತ್ತು. ಆದರೆ ಎಡಗಡೆ ಖಾಲಿಯಾಗುತ್ತಿತ್ತು. ಆ ಕಡೆ ಅವನು ಇನ್ನು ತಿರುಗುವುದಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಒಬ್ಬರಾದರೂ ಅಲ್ಲಿ ಕಾಯುತ್ತಿರಬೇಕು ಅನ್ನುವ ಹಟ ಅವಳದು. ಮರುದಿನ ಬಂದ ಫಿಸಿಯೋ ಹುಡುಗಿಯೂ ಅದನ್ನೇ ಹೇಳಿದಳು. ಬಂದವರು ಎದುರಿಗೆ ಕೂರಲಿ, ಅಮ್ಮಾ ಮಾತ್ರ ಜಾಗ ಬಿಡಬೇಡಿ. ಅಪ್ಪನ ಎಡಗೈ ಎತ್ತಿ, "ಅಪ್ಪಾ, ಇಂಗ ಪಾರುಂಗ, ಇಂಗ," ಎಂದು ಕರೆದಳು. ಇತ್ತ ನೋಡಿ, ಇತ್ತ. ಅಪ್ಪ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದ.

ಹೀಗೆ ಎಷ್ಟು ದಿನ ಹೋಯಿತೋ. ನನ್ನ ನೆನಪಿನಲ್ಲಿ ಅದೊಂದೇ ಉದ್ದನೆಯ ಮಧ್ಯಾಹ್ನ. ತಿಂಗಳುಗಳು ಅನ್ನುತ್ತಾಳೆ ಅಕ್ಕ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದವನು. ಪ್ರತಿಸಲವೂ ಅವರಿಬ್ಬರೂ ಅದೇ ಎರಡು ಸೋಫಾಗಳಲ್ಲಿ, ಕೈಗೆ ಕೈ ತಗುಲಿಸಿಕೊಂಡು ಕೂತಿರುತ್ತಿದ್ದರು. ಹೊರಗಿನಿಂದ ನೋಡಿದವರು ಎಂಥ ಅನ್ಯೋನ್ಯ ಅನ್ನಬೇಕು. ಅಪ್ಪನ ದೂರು ಮಾತ್ರ ಬೆಳೆಯುತ್ತಿತ್ತು. ಮೊದಲು ನಿಮ್ಮವ್ವ ಕೂರಲ್ಲ ಅನ್ನುತ್ತಿದ್ದವನು, ಆಮೇಲೆ ಅವಳು ನನ್ನ ನೋಡಿಯೂ ನೋಡದ ಹಾಗೆ ಹೋಗುತ್ತಾಳೆ ಅಂದ. ಆಮೇಲೆ ಅವಳ ವಿಷಯ ಎತ್ತುವುದನ್ನೇ ಬಿಟ್ಟ. ಅವಳು ಅಡುಗೆಮನೆಯಿಂದ ಹೊರಬಂದರೆ ಕಣ್ಣು ಮುಚ್ಚಿಕೊಳ್ಳತೊಡಗಿದ.

ಒಂದು ದಿನ ಅಪ್ಪನ ಹಳೆಯ ಜೊತೆಗಾರರೊಬ್ಬರು ಬಂದರು. ಎರಡು ಬೀದಿ ಆಚೆ ಅವರ ಮಗ್ಗಗಳಿದ್ದವು, ಈಗ ಅವೂ ಇಲ್ಲ. ನಾನು ಅವರನ್ನು ಮಾಮ ಅನ್ನುತ್ತೇನೆ. ಎದುರಿನ ಸೋಫಾದಲ್ಲಿ ಕೂತು, ಮಗ್ಗದವರ ರೀತಿಯಲ್ಲಿ ದನಿ ಇಲ್ಲದೆ ತುಟಿ ಆಡಿಸಿ, "ಹೆಂಗಿದ್ದೀಯ?" ಅಂದರು. ಅಪ್ಪ ಉತ್ತರ ಕೊಟ್ಟದ್ದು ದನಿ ತೆಗೆದು. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಾಗುವುದಿಲ್ಲ. ಬೀದಿಗೂ ಕೇಳಿಸಿರಬೇಕು.

"ಒಂದು ಪಕ್ಕ ಬಿದ್ದೋನ ಹತ್ರ ಯಾರು ಕೂರ್ತಾರೆ? ಮಕ್ಳು ಬತ್ತವೆ, ಪಾಪ. ಅವ್ಳಿಗೆ ನನ್ ಕಂಡ್ರೆ ಅಸಯ್ಯ. ಈ ಜೊಲ್ಲು, ಈ ವಾಸ್ನೆ. ಹತ್ರ ಬರಲ್ಲ ಅವ್ಳು. ಇಷ್ಟು ವರ್ಷ ಜೊತೇಲಿ ನಿಂತೋಳು."

ಮಾಮನ ಕಣ್ಣು ಅವ್ವನ ಕಡೆ ಹೋಯಿತು. ಅವಳ ಕೈಯಲ್ಲಿ ಆ ಹೊತ್ತಿಗೆ ಜೊಲ್ಲು ಒರೆಸಿದ ಬಟ್ಟೆ ಇತ್ತು. ಮಾಮ ಏನೋ ಹೇಳಲು ಬಾಯಿ ತೆರೆದರು. ಅವ್ವ ತಲೆಯನ್ನು ಸಣ್ಣಗೆ ಅಡ್ಡಕ್ಕೆ ಆಡಿಸಿದಳು. ಮಾಮ ನೆಲ ನೋಡಿದರು. ಅಪ್ಪ ಇನ್ನೂ ಹೇಳುತ್ತಿದ್ದ. ನಾನು ಒಳಗೆ ಹೋಗಿ ನೀರು ತಂದೆ, ಯಾರೂ ಕೇಳದ ನೀರು.

ಮಾಮ ಹೊರಡುವಾಗ ಬಾಗಿಲ ಹೊರಗೆ ನನ್ನ ಭುಜ ಹಿಡಿದು, "ಓದಿದೋನು ನೀನು, ಏನಾರ ಮಾಡು," ಅಂದರು. ನಾನು ಮಿದುಳಿನ ಬಲಭಾಗದ ಕೆಲಸವನ್ನು ಅವರಿಗೆ ವಿವರಿಸತೊಡಗಿದೆ. ಅವರು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಹಾಲ್‌ನ ರೂಪ ಬದಲಾಗಿತ್ತು. ಎದುರಿನ ಸೋಫಾವನ್ನು ಅವ್ವ ಒಬ್ಬಳೇ ಹೇಗೋ ಗೋಡೆಗೆ ನೂಕಿದ್ದಳು. ಅದರ ಜಾಗಕ್ಕೆ ಹಿತ್ತಿಲಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿದ್ದಳು, ಬಟ್ಟೆ ಒಗೆಯುವಾಗ ಬಕೆಟ್ ಇಡುತ್ತಿದ್ದ ಕುರ್ಚಿ. ಅದರಲ್ಲಿ ಕೂತಳು. ಮೊಣಕಾಲು ಅಪ್ಪನ ಮೊಣಕಾಲಿಗೆ ತಾಗುತ್ತಿತ್ತು. ಎದ್ದು ಹಿಂದಕ್ಕೆ ಎಳೆದಳು, ಮತ್ತೆ ಕೂತಳು. ಕೊಂಚ ಬಲಕ್ಕೆ ಸರಿಸಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವಳು ಕಾಫಿ ಲೋಟವನ್ನು ಅವನ ಬಲಗೈಯ ಬೆರಳಿಗೆ ತಾಗಿಸಿದಳು. ಅವನು ಕಣ್ಣು ಬಿಟ್ಟ.

ಎಷ್ಟು ಹೊತ್ತು ನೋಡಿದನೋ. ನನ್ನ ನೆನಪು ಇಲ್ಲಿ ಸುಳ್ಳು ಹೇಳುತ್ತಿರಬಹುದು. ಅವನ ಮುಖ ಅರಳಿತು ಎಂದು ಒಂದು ಕ್ಷಣ ನನಗೆ ಕಂಡಿತು. ಬಾಯಿಯ ಒಂದೇ ಪಕ್ಕ ಆಡುವವನ ಮುಖದಲ್ಲಿ ಅರಳಿದ್ದು ಯಾವುದು, ಸೊಟ್ಟಗಾದದ್ದು ಯಾವುದು ಎಂದು ಹೇಳುವುದು ಕಷ್ಟ.

"ಈಗ ಬಂದ್ಯಾ?" ಅಂದ, ದನಿ ತೆಗೆದು.

ಅವ್ವ ತುಟಿ ಆಡಿಸಿದಳು. ಅವಳ ಬೆನ್ನು ನನಗಿತ್ತು, ಏನೆಂದಳೋ ಕಾಣಲಿಲ್ಲ.

"ಇಷ್ಟು ದಿನ ಎಲ್ಲೋಗಿದ್ದೆ? ಯಾರ್ ಹೇಳಿ ಕಳ್ಸಿದ್ರು ಈಗ? ಅವ್ನು ಬಂದು ಉಗಿದ ಅಂತ ಬಂದ್ಯಾ? ಕಾಪಿ ಬ್ಯಾಡ ನಂಗೆ."

ಲೋಟವನ್ನು ತಳ್ಳಿದ. ಕಾಫಿ ಅವಳ ಮಡಿಲಿಗೆ ಚೆಲ್ಲಿತು. ಬಿಸಿ ಇದ್ದಿರಬೇಕು. ಅವಳು ಏಳಲಿಲ್ಲ. ಸೀರೆಯನ್ನು ಮೈಯಿಂದ ಎತ್ತಿ ಹಿಡಿದು, ಅವನ ಕಣ್ಣಿಗೆ ಸಿಗುವ ಹಾಗೆ ಮುಖವನ್ನು ಅಲ್ಲೇ ಇಟ್ಟುಕೊಂಡು ಕೂತಳು. ಅವನು ಬೈದ. ದಣಿಯುವವರೆಗೂ ಬೈದ. ಆಸ್ಪತ್ರೆಯಲ್ಲಿ ಬಿಟ್ಟು ಹೋದದ್ದು, ಮನೆಗೆ ತಂದ ಮೇಲೆ ಹತ್ತಿರ ಸುಳಿಯದೇ ಇದ್ದದ್ದು, ಕೈ ಹಿಡಿಯಬೇಕಾದವಳು ಒಂದು ದಿನವೂ ಕೈ ಹಿಡಿಯದೇ ಇದ್ದದ್ದು. ಅವ್ವ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

ಫಿಸಿಯೋ ಹುಡುಗಿ ಬಂದಾಗ ಕುರ್ಚಿ ಅಲ್ಲೇ ಇತ್ತು. ಉದ್ದ ಸೋಫಾದ ತುದಿ ಖಾಲಿ. ಅವಳು ಎರಡನ್ನೂ ನೋಡಿ, "ಅಮ್ಮಾ, ಆ ಕಡೆ?" ಅಂದಳು.

"ಪೋದುಮ್ಮಾ," ಅಂದಳು ಅವ್ವ. ಸಾಕು, ತಾಯಿ.

ಹುಡುಗಿ ಇನ್ನೊಮ್ಮೆ ಹೇಳಲಿಲ್ಲ. ಅಪ್ಪನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಸಿ, ತನ್ನ ಕೆಲಸ ಮುಗಿಸಿ ಹೋದಳು. ಕೆಲವು ವಾರಗಳಾದ ಮೇಲೆ ಆ ಬೆರಳುಗಳು ಬಿಡಿಸಿದರೂ ಬರದಂತೆ ಮಡಿಚಿಕೊಂಡವು. ಅವ್ವ ಎಡಗಡೆಯಲ್ಲೇ ಕೂತಿದ್ದರೂ ಹಾಗೆಯೇ ಆಗುತ್ತಿತ್ತೇನೋ. ಆಗುತ್ತಿರಲಿಲ್ಲವೇನೋ. ಯಾರಿಗೂ ಗೊತ್ತಿಲ್ಲ, ಡಾಕ್ಟರಿಗೂ.

ಅಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. ಮುಂದಿನ ಸಲ ಬಂದಾಗ ಅಪ್ಪ ಅವಳ ಎದುರಿಗೇ ಅವ್ವನನ್ನು ಬೈದ. ಅಡುಗೆಮನೆಯಲ್ಲಿ ಅಕ್ಕ ಪಾತ್ರೆಗಳನ್ನು ಕುಕ್ಕುತ್ತ, "ನಾನು ಹೇಳ್ತೀನಿ," ಅಂದಳು. "ಬರೆದು ತೋರಿಸ್ತೀನಿ. ನೀನು ಎಲ್ಲಿ ಕೂತಿದ್ದೆ, ಏನ್ ಮಾಡ್ತಿದ್ದೆ, ಎಲ್ಲ. ಅವರಿಗೇನು ಬುದ್ಧಿ ಇಲ್ವಾ? ಅರ್ಥ ಆಗತ್ತೆ."

"ಬ್ಯಾಡ," ಅಂದಳು ಅವ್ವ.

"ಯಾಕೆ? ಚುಮ್ಮಾ ಬೈಸ್ಕೊಂಡು ಕೂರ್ತೀಯಾ?"

ಅವ್ವ ಅಂದದ್ದು ನನಗೆ ಹೀಗೆ ನೆನಪಿದೆ: "ನಾನು ಅಲ್ಲೇ ಇದ್ದೆ ಅಂತ ಹೇಳಿದ್ರೆ, ಆ ಕಡೆ ಅವ್ರಿಗೆ ಇಲ್ಲ ಅಂತ ಹೇಳ್ದಂಗೆ. ಅರ್ಧ ಮೈ, ಅರ್ಧ ಮನೆ ಹೋಗದೆ ಅಂತ ಇನ್ನೂ ಅವ್ರಿಗೆ ಗೊತ್ತಿಲ್ಲ. ಹೆಂಡ್ತಿ ಕೆಟ್ಟೋಳು ಅಂತ ಅಷ್ಟೇ ಗೊತ್ತು. ಅದೇ ಇರ್ಲಿ ಬಿಡು."

ಅವ್ವ ಅಷ್ಟುದ್ದ ಮಾತಾಡಲೇ ಇಲ್ಲ ಅನ್ನುತ್ತಾಳೆ ಅಕ್ಕ. ಬ್ಯಾಡ ಅಂದಳು, ಒಲೆಯ ಮೇಲಿನ ಸಾರು ಇಳಿಸಿದಳು, ಅಷ್ಟೇ. ಉಳಿದದ್ದನ್ನು ನಾನೇ ಆಮೇಲೆ ಯೋಚಿಸಿ ಅವಳ ಬಾಯಿಗೆ ಹಾಕಿದ್ದೇನಂತೆ. ಇರಬಹುದು. ಅವ್ವನನ್ನೇ ಕೇಳಬಹುದಿತ್ತು. ಕೇಳಿದರೆ ಅವಳು ಯಾವುದಕ್ಕೂ ಹೌದು ಅನ್ನುತ್ತಾಳೆ. ಈಗ ಅವಳಿಗೆ ಅದೇ ರೂಢಿ. ಕೊಯಮತ್ತೂರಿನ ಓದು ಮುಗಿಸಿ ಮೈಸೂರಿನಲ್ಲಿ ಓದುವಾಗ ಕಲಿತ ಈ ಕನ್ನಡ ಅಕ್ಷರ, ತಮಿಳು ಮಾತ್ರ ಓದುವ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆದದ್ದನ್ನು ತಿದ್ದುವವರೂ ಇಲ್ಲ. ಅಕ್ಕ ಮಾತ್ರ ಅಪ್ಪನಿಗೆ ಏನನ್ನೂ ಬರೆದು ತೋರಿಸಲಿಲ್ಲ. ಅದು ನಿಜ.

ನಾನು ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಉದ್ದ ಸೋಫಾದ ಮೇಲೆ ಒಗೆದ ಬಟ್ಟೆ, ಹಳೆ ಪೇಪರು, ಔಷಧಿಯ ಖಾಲಿ ಡಬ್ಬಗಳು ರಾಶಿ ಬಿದ್ದಿರುತ್ತವೆ. ಆ ಕಡೆ ನೋಡುವವರಿಲ್ಲ. ಅಪ್ಪ ಒಂಟಿ ಸೋಫಾದಲ್ಲಿ, ಅವ್ವ ಅವನೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮಾತು ನಡೆಯುತ್ತಿರುತ್ತದೆ, ಅವಳ ಕಡೆಯಿಂದ ಸದ್ದಿಲ್ಲದೆ. ಒಳ್ಳೆಯ ದಿನವಾದರೆ ಅಡುಗೆಯ ವಿಷಯ, ಬೀದಿಯ ವಿಷಯ. ಅದರ ನಡುವೆಯೇ ಅವನು ನಿಲ್ಲಿಸಿ, ಆಗ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾನೆ. ಅವಳು ಒಂದೊಂದು ಸಲ ಒಂದೊಂದು ಹೇಳುತ್ತಾಳೆ. ಮೆಟ್ಟುಪಾಳ್ಯಂನಲ್ಲಿ ತಂಗಿಗೆ ಹುಷಾರಿರಲಿಲ್ಲ, ನೋಡಿಕೊಳ್ಳಲು ಹೋಗಿದ್ದೆ. ನನಗೇ ಜ್ವರ ಬಂದಿತ್ತು, ನಿಮಗೆ ಅಂಟೀತೆಂದು ಹತ್ತಿರ ಬರಲಿಲ್ಲ. ಹೋದ ವಾರ ನಾನು ಬಲಗಡೆಯ ಸ್ಟೂಲಿನಲ್ಲಿದ್ದೆ, ಅವಳ ತುಟಿ ನನಗೂ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಕೆಲಸ ಮುಗಿಯುತ್ತಲೇ ಇರಲಿಲ್ಲ ಅಂದಳು. ಅಪ್ಪ ನಂಬಲಿಲ್ಲ.